ಎಳೆದರೆ ಹರಿಯುವ ದಾರ

ನಾನೊಂದು ಹೆಣ್ಣು ಒಂಟೆ. ಹುಟ್ಟಿದ್ದು ಯಾವ ನೆಲದ ಮೇಲೂ ಅಲ್ಲ. ಹಡಗು ಕರಾಚಿ ಬಿಟ್ಟು ಹದಿನೆಂಟು ದಿನವಾಗಿತ್ತು. ನಾಲ್ಕೂ ದಿಕ್ಕಿಗೆ ಉಪ್ಪುನೀರು. ಹಡಗಿನ ತಳದಲ್ಲಿ, ಹಿಕ್ಕೆ ಉಚ್ಚೆಯ ನಾತದ ನಡುವೆ ನನ್ನ ತಾಯಿ ನನ್ನನ್ನು ಹೆತ್ತಳು. ಕೆಳಗಿನ ಹಲಗೆ ತೂಗಾಡುತ್ತಿದ್ದುದರಿಂದ ನಾಲ್ಕು ಸಲ ಬಿದ್ದು ಐದನೆಯ ಸಲ ಎದ್ದು ನಿಂತೆ. ಬಿದ್ದಾಗ ಯಾರೂ ಎತ್ತಲಿಲ್ಲ. ಒಳ್ಳೆಯದೇ ಆಯಿತು.

ಹಡಗು ಆಸ್ಟ್ರೇಲಿಯಾದ ದಕ್ಷಿಣದ ಬಂದರಿಗೆ ಬಂದಾಗ ಗುಮಾಸ್ತನೊಬ್ಬ ಕಾಗದ ಹಿಡಿದು ನಿಂತಿದ್ದ. ಕಾಗದದಲ್ಲಿ ನಲವತ್ತೊಂದು ಒಂಟೆ, ಇಳಿದದ್ದು ನಲವತ್ತೆರಡು. ಮೂರು ಸಲ ಎಣಿಸಿ ನನ್ನತ್ತ ಬೆರಳು ತೋರಿಸಿದ.

"ಇದು ಎಲ್ಲಿಂದ ಬಂತು?"

ನಮ್ಮನ್ನು ಕರೆತಂದವನ ಹೆಸರು ದಾವಲಸಾಬ. ವಿಜಾಪುರದ ಕಡೆಯವನು. ಮುಂಬಯಿಯಲ್ಲಿ ಹಮಾಲಿ ಮಾಡಿ, ಕರಾಚಿಯಲ್ಲಿ ಒಂಟೆ ಕಾಯುವುದು ಕಲಿತು, ನಲವತ್ತರ ವಯಸ್ಸಿಗೆ ಈ ಹಡಗು ಹತ್ತಿದ್ದ. ಅವನು ಕೈಮುಗಿದು, "ಎಲ್ಲಾರೂ ಬರೂವಲ್ಲಿಂದನ ಬಂತು, ಸಾಹೇಬ" ಎಂದ. ಗುಮಾಸ್ತ ಕೆಂಪಗಾಗಿ ದಾರಿ ಬಿಟ್ಟ. ಸಮುದ್ರದಲ್ಲಿ ಹುಟ್ಟಿದವಳೆಂದು ದಾವಲಸಾಬ ನನಗೆ ದರ್ಯಾ ಎಂದು ಹೆಸರಿಟ್ಟ.

ಅವನಿಗೂ ಅಲ್ಲೊಂದು ಹೊಸ ಹೆಸರು ಕಾದಿತ್ತು. ಪೇಶಾವರದವನಿರಲಿ, ಸಿಂಧಿನವನಿರಲಿ, ಒಂಟೆ ಹಿಡಿದ ಎಲ್ಲರನ್ನೂ ಗೋರರು, ಎಂದರೆ ಬಿಳಿಯರು, ಅಫ್ಘಾನ ಎನ್ನುತ್ತಿದ್ದರು. "ಅಫ್ಘಾನಿಸ್ತಾನ ಯಾವ ದಿಕ್ಕಿಗೈತಿ ಅಂತ ನನಗ ಗೊತ್ತಿಲ್ಲ" ಎಂದು ಅವನು ನನ್ನ ಕಿವಿಯಲ್ಲಿ ಬಯ್ದುಕೊಳ್ಳುತ್ತಿದ್ದ. ಕೇಳುವವರು ಬೇರೆ ಯಾರಿದ್ದರು?

ನೀವು ಶಾಲೆಯಲ್ಲಿ ಓದಿರುತ್ತೀರಿ. ಆಸ್ಟ್ರೇಲಿಯಾ ದ್ವೀಪಖಂಡ, ಖಂಡಗಳಲ್ಲೆಲ್ಲ ಚಿಕ್ಕದು, ಸುತ್ತ ಸಮುದ್ರ, ನಡುವೆ ಮರುಭೂಮಿ, ಇಂಥವರು ಇಂಥ ಇಸವಿಯಲ್ಲಿ ಕಂಡುಹಿಡಿದರು. ಎರಡು ಅಂಕ. ಚಿಕ್ಕದು ಎಂದು ಬರೆದವನು ಅದನ್ನು ನಡೆದು ನೋಡಿಲ್ಲ. ನಾನು ನಡೆದಿದ್ದೇನೆ, ಬೆನ್ನ ಮೇಲೆ ಆರು ಚೀಲ ಹಿಟ್ಟು ಹೊತ್ತು. ದಕ್ಷಿಣದ ಅಂಚಿನಲ್ಲಿ ಗೋದಿ ಬೆಳೆಯುತ್ತದೆ. ಉತ್ತರಕ್ಕೆ ಹತ್ತು ದಿನ ನಡೆದರೆ ಮಳೆ ಕೈಬಿಡುತ್ತದೆ. ಕುರಿ ಬದುಕುತ್ತದೆ, ಗೋದಿ ಬದುಕುವುದಿಲ್ಲ. ಇನ್ನೂ ಹೋದರೆ ಕಲ್ಲಿನ ಬಯಲು. ಕೆಂಪು ಹರಳು ಹಾಸಿದಂತಿರುತ್ತದೆ, ನನ್ನ ಮೆತ್ತನೆಯ ಪಾದಕ್ಕೆ ಅದು ನರಕ. ಅದರ ಪೂರ್ವಕ್ಕೆ ಮರಳಿನ ದಿಣ್ಣೆಗಳು, ಗೆರೆ ಎಳೆದಂತೆ ಒಂದರ ಹಿಂದೊಂದು ಸಾವಿರಕ್ಕೂ ಹೆಚ್ಚು. ಒಂದು ಹತ್ತಿ ಇಳಿದರೆ ಅಂಥದ್ದೇ ಇನ್ನೊಂದು ನಗುತ್ತ ನಿಂತಿರುತ್ತದೆ.

ಈ ಒಣ ನೆಲದಲ್ಲಿ ಅಲ್ಲಲ್ಲಿ ಮಣ್ಣು ದಿಬ್ಬದಂತೆ ಉಬ್ಬಿ, ನೆತ್ತಿಯಲ್ಲಿ ನೀರು ಗುಳುಗುಳು ಎನ್ನುತ್ತದೆ. ಎಂದೋ ಮೂಡಣ ಬೆಟ್ಟದಲ್ಲಿ ಬಿದ್ದ ಮಳೆ ನೆಲದೊಳಗೇ ನಡೆದು ಬಂದು ಇಲ್ಲಿ ತಲೆ ಎತ್ತುವುದು. ಅಂಥ ಬುಗ್ಗೆಗಳ ಸಾಲನ್ನು ಹಿಡಿದೇ ಆ ನೆಲದ ಜನ ಅಜ್ಜಂದಿರ ಅಜ್ಜಂದಿರ ಕಾಲದಿಂದ ಓಡಾಡಿದರು. ಅವರ ಹೆಜ್ಜೆ ನೋಡಿಕೊಂಡು ಬಿಳಿಯರು ಬಂದರು. ಅದೇ ದಾರಿಯಲ್ಲಿ ತಂತಿಯ ಕಂಬ ನೆಟ್ಟರು. ಅದೇ ದಾರಿಯಲ್ಲಿ ರೈಲು ಹಾಕಿದರು. ಕಂಬಕ್ಕೂ ರೈಲಿಗೂ ಸಾಮಾನು ಹೊತ್ತವರು ನಾವು. ಪುಸ್ತಕದಲ್ಲಿ ಇರುವುದು ಕೊನೆಗೆ ಬಂದವನ ಹೆಸರು.

ಆ ಬುಗ್ಗೆಗಳ ಜನದವಳು ದಾವಲಸಾಬನ ಹೆಂಡತಿ. ಗೋರರು ಅವಳನ್ನು ನೋರಾ ಎಂದರು, ಇವನು ನೂರಾ ಎಂದ. ಅವಳ ಜನ ಕರೆಯುತ್ತಿದ್ದ ಹೆಸರು ಬೇರೆ. ನಾನು ಕೇಳಿದ್ದೇನೆ, ಇಲ್ಲಿ ಹೇಳುವುದಿಲ್ಲ. ಕಂಡದ್ದನ್ನೆಲ್ಲ ಬರೆದುಕೊಂಡು ಹೋದವರು ಈಗಾಗಲೇ ಬಹಳ ಮಂದಿ ಇದ್ದಾರೆ. ಗಂಡನ ಜೊತೆ ಹತ್ತು ವರ್ಷ ಜಗಳವಾಡಿ ಅವನ ವಿಜಾಪುರದ ಮಾತನ್ನು ಅವನಿಗಿಂತ ಜೋರಾಗಿ ಕಲಿತಿದ್ದಳು.

ಒಂದು ಬುಗ್ಗೆಯ ಪಕ್ಕ ಗೋರರು ಕಲ್ಲು ನೆಟ್ಟು ಅಕ್ಷರ ಕೆತ್ತಿದ್ದರು. ದಾವಲಸಾಬ ಯಾರನ್ನೋ ಕೇಳಿ ತಿಳಿದುಕೊಂಡು ಬಂದು ಹೇಳಿದ, "ಈ ನೀರು ಯಾವನೋ ಸಾಹೇಬ ಹುಡುಕಿದ್ನಂತ, ನೂರಾ."

"ಹುಡುಕಿದ್ನಂತ? ಕಳದಾಕಿ ಯಾರು? ನಮ್ಮವ್ವ ಇಲ್ಲೇ ನೀರು ತುಂಬಿಕೋತ ನಿಂತಿದ್ಲು. ಆಕೀನ ಅವಗ ಕುಡಿಯಾಕ ಕೊಟ್ಟಾಕಿ."

"ಕೊಡಬಾರದಿತ್ತು."

"ನಿನಗೂ ನಾನು ಕುಡಿಯಾಕ ಕೊಟ್ಟೀನಿ."

"ಅದಕ್ಕ ಹೇಳಾಕತ್ತೀನಿ" ಎಂದ ದಾವಲಸಾಬ. ನೂರಾ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಅವನ ಬೆನ್ನಿಗೆ ಬಾರಿಸಿದಳು.

ಆ ಬುಗ್ಗೆಯ ನೀರನ್ನು ತೊಟ್ಟಿಗೆ ಸುರಿದು ಖಾಲಿ ಸೀಮೆಎಣ್ಣೆ ಡಬ್ಬಿಯನ್ನು ಕೋಲಿನಿಂದ ಬಡಿಯುವುದು ಅವಳ ರೂಢಿ. ಡಬ್ಬಿ ಸದ್ದು ಕೇಳಿದರೆ ಅರ್ಧ ಮೈಲಿ ದೂರದಿಂದ ನಾವು ಕುತ್ತಿಗೆ ಚಾಚಿ ಬರುತ್ತಿದ್ದೆವು.

ನನಗೆ ನಾಲ್ಕು ವರ್ಷ ತುಂಬಿದಾಗ ದಾವಲಸಾಬ ನನ್ನ ಮೂಗು ಚುಚ್ಚಿ ಮರದ ಬೆಣೆ ಹಾಕಿದ. ಬೆಣೆಗೆ ಒಂದು ದಾರ. ಆ ದಾರದ ಇನ್ನೊಂದು ತುದಿ ಮುಂದಿನ ಒಂಟೆಯ ಜೀನಿಗೆ. ನನ್ನ ಜೀನಿಗೆ ಹಿಂದಿನದರ ದಾರ. ಹೀಗೆ ನಲವತ್ತು ಐವತ್ತು ಒಂಟೆ ಒಂದೇ ಸಾಲು. ಎಲ್ಲಕ್ಕೂ ಮುಂದೆ ಒಬ್ಬ ಮನುಷ್ಯ.

ಈ ದಾರದ ಗುಟ್ಟು ಒಂಟೆಯವರಿಗಷ್ಟೇ ಗೊತ್ತು. ಅದನ್ನು ಬೇಕೆಂತಲೇ ತೆಳ್ಳಗೆ ಹೊಸೆಯುತ್ತಾರೆ. ಯಾಕೆಂದರೆ ಸಾಲಿನಲ್ಲಿ ಒಂದು ಒಂಟೆ ಮುಗ್ಗರಿಸಿ ಬಿದ್ದರೆ ಹಿಂದಿನದರ ಮೂಗು ಹರಿಯಬಾರದು, ದಾರ ಹರಿಯಬೇಕು. ಬಲವಾಗಿ ಒಂದು ಸಲ ತಲೆ ಕೊಡವಿದರೆ ಸಾಕು. ತಿಂಗಳಿಗೆ ನಾಲ್ಕು ಸಲ ಹರಿಯುತ್ತಿತ್ತು. ಹರಿದಾಗ ನಾವೇನು ಮಾಡುತ್ತಿದ್ದೆವು? ನಿಲ್ಲುತ್ತಿದ್ದೆವು. ಮುಂದಿನವು ಹೋಗಿಬಿಡುತ್ತಿದ್ದವು, ನಮ್ಮೆದುರು ನಾಲ್ಕು ದಿಕ್ಕೂ ತೆರೆದಿರುತ್ತಿತ್ತು, ನಾವು ಮಾತ್ರ ದಾವಲಸಾಬ ಬಂದು ಗಂಟು ಹಾಕುವವರೆಗೆ ಮೆಲುಕು ಹಾಕುತ್ತ ನಿಂತೇ ಇರುತ್ತಿದ್ದೆವು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಹೇಳದಿದ್ದರೆ ಇನ್ನೂ ನಾಚಿಕೆ.

ಹೀಗೆ ಹದಿನಾಲ್ಕು ವರ್ಷ ದುಡಿದೆ. ಉಣ್ಣೆ ಹೊತ್ತೆ, ಹಿಟ್ಟು ಹೊತ್ತೆ, ಒಬ್ಬ ದೊರೆಸಾನಿಯ ಪಿಯಾನೊ ಕೂಡ ಹೊತ್ತೆ. ಪಡುವಣದ ಮರವಿಲ್ಲದ ಬಯಲಿನಲ್ಲಿ ರೈಲು ಹಳಿ ಹಾಕುವಾಗ ನೀರು ಹೊತ್ತೆ. ಅಲ್ಲಿ ಮುನ್ನೂರು ಮೈಲಿ ಹತ್ತಿರ ಹಳಿಗೆ ಒಂದು ಡೊಂಕಿಲ್ಲ. ಡೊಂಕು ಯಾತಕ್ಕೆ ಬಂದೀತು, ಒಂದು ಬೆಟ್ಟವಿಲ್ಲ, ಒಂದು ಹೊಳೆಯಿಲ್ಲ. ನನ್ನ ಮುಂದೆ ಯಾವಾಗಲೂ ನಡೆಯುತ್ತಿದ್ದುದು ಪೈಲ್ವಾನ ಎಂಬ ಮುದಿ ಗಂಡು ಒಂಟೆ. ಹದಿನಾಲ್ಕು ವರ್ಷ ನಾನು ನೋಡಿದ ಪ್ರಪಂಚದಲ್ಲಿ ಮುಕ್ಕಾಲು ಪಾಲು ಪೈಲ್ವಾನನ ಹಿಂಭಾಗ.

ನಾವು ಹೊತ್ತ ಹಳಿಯ ಮೇಲೆ ರೈಲು ಬಂತು. ರೈಲು ಹೋಗದ ಕಡೆಗೆ ಲಾರಿ ಬಂತು. ನಮ್ಮ ಬೆನ್ನಿಗೆ ಕೆಲಸ ಹೋಯಿತು.

ಕೆಲಸ ಹೋದ ಮೇಲೆ ನಾವು ಉಪದ್ರವಿಗಳಾದೆವು. ಕುರಿಯ ಬೇಲಿ ಮುರಿಯುತ್ತೇವೆ, ಕುರಿಯ ನೀರು ಕುಡಿಯುತ್ತೇವೆ. ಈ ನೆಲಕ್ಕೆ ಕುರಿ ಮಾತ್ರ ಮೊನ್ನೆ ಮೊನ್ನೆ ಹಡಗಿನಲ್ಲಿ ಬಂದದ್ದಲ್ಲವಂತೆ. ಸರಕಾರ ಹೊಸ ಕಾಯದೆ ಮಾಡಿತು. ಕೊರಳಲ್ಲಿ ತಗಡಿನ ಬಿಲ್ಲೆ ಇರದ ಒಂಟೆಯನ್ನು ಪೋಲೀಸರು ಕಂಡಲ್ಲಿ ಗುಂಡಿಕ್ಕಬಹುದು.

ಆಗ ನಾವಿದ್ದದ್ದು ರೈಲುಹಳಿಯ ಪಕ್ಕದ ಒಂದು ಪುಟ್ಟ ಊರಿನಲ್ಲಿ. ಹಳಿಯ ಈಚೆ ಗೋರರು, ಅವರ ಹೋಟೆಲು, ಪೋಲೀಸು ಠಾಣೆ. ಹಳಿಯ ಆಚೆ ತಗಡಿನ ಗುಡಿಸಲು, ತಗಡಿನ ಮಸೀದಿ, ನಾಲ್ಕು ಖರ್ಜೂರದ ಮರ, ಒಂಟೆಯವರು, ನೂರಾಳ ಜನ. ದಾವಲಸಾಬ ಬಿಲ್ಲೆ ಕೇಳಲು ಹಳಿ ದಾಟಿ ಹೋದ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ನಿನ್ನದೇ ಕೈಯಲ್ಲಿ, ಇಲ್ಲೇ ನನ್ನ ಎದುರಿಗೆ ಬರೆ ಎಂದ ಕಾನ್‌ಸ್ಟೇಬಲ್ ಪ್ರೆಂಟಿಸ್. ಅವನಿಗೆ ಗೊತ್ತಿತ್ತು, ಇವನಿಗೆ ಬರೆಯಲು ಬಾರದು. ಬಾರದೆಂದು ಗೊತ್ತಿದ್ದದ್ದನ್ನೇ ಕೇಳುವುದಕ್ಕೆ ಪರೀಕ್ಷೆ ಎಂದು ಹೆಸರು.

"ಗುರುವಾರ ಬೆಳಿಗ್ಗೆ ನಿನ್ನ ಹತ್ತೊಂಬತ್ತು ಒಂಟೆಗಳನ್ನೂ ಒಣಹೊಳೆಯ ದಂಡೆಗೆ ತಾ" ಎಂದ ಪ್ರೆಂಟಿಸ್. "ಒಂದೇ ಸಾಲಿಗೆ ಕಟ್ಟಿರಬೇಕು. ಒಂದೂ ತಪ್ಪಿಸಿಕೊಳ್ಳಬಾರದು."

"ಕಟ್ಟತೀನಿ, ಸಾಹೇಬ. ಕಟ್ಟೂದು ನನಗ ಬರ್ತೈತಿ."

ಆ ಮಾತು ಕೇಳಿ ಹಳಿಯಾಚೆಯ ಜನ ಅವನನ್ನು ಹೀಯಾಳಿಸಿದರು. ಮಸೀದಿಯ ಹಿರಿಯ, ಪೇಶಾವರದ ಗುಲ್ಜಾನ್ ಬಾಬಾ, ಎಲ್ಲರೆದುರು ಕೇಳಿದ. "ಮಕ್ಕಳ ಹಾಗೆ ಸಾಕಿ ನೀನೇ ಕಟ್ಟಿ ಗುಂಡಿಗೆ ಕೊಡ್ತೀಯೇನಪ್ಪಾ?"

ಆವತ್ತಿನಿಂದ ಗುರುವಾರದವರೆಗೆ ದಾವಲಸಾಬ ನಮಗೆ ನೀರು ತೋರಿಸಲಿಲ್ಲ. ಐದು ದಿನ. ನಾವು ಒಂಟೆಗಳು, ಐದು ದಿನ ತಡೆಯುತ್ತೇವೆ, ಆದರೆ ಬೇಸಿಗೆಯಲ್ಲಿ ಸಿಟ್ಟು ಬರದೆ ಇರುವುದಿಲ್ಲ. ನಾನು ಅವನ ತೋಳು ಕಚ್ಚಿದೆ. ಅವನು ಬಯ್ಯಲಿಲ್ಲ. ಅದೇ ವಿಚಿತ್ರವೆನಿಸಿತು.

ಗುರುವಾರ ಬೆಳಿಗ್ಗೆ ಪೈಲ್ವಾನನಿಗೊಬ್ಬನಿಗೇ ಒಂದು ಬಕೆಟ್ಟು ನೀರು ಕೊಟ್ಟ. ಒಂದು ಚೀಲ ಖರ್ಜೂರವನ್ನು ಒಂದೊಂದಾಗಿ ಬೀಜ ತೆಗೆದು ತಿನ್ನಿಸಿದ, ಏಕೆಂದರೆ ಅದರ ಹಲ್ಲು ಸವೆದು ಹೋಗಿತ್ತು. ಒಂದು ಕಣ್ಣೂ ಹೋಗಿತ್ತು. ಮುಂಗಾಲು ಊದಿಕೊಂಡಿತ್ತು. ನಾವು ಹೊಟ್ಟೆಕಿಚ್ಚಿನಿಂದ ನೋಡಿದೆವು. ನೂರಾ ಬೆಳಗಿನಿಂದ ಎಲ್ಲೂ ಕಾಣಲಿಲ್ಲ.

ಹೊಳೆದಂಡೆಯಲ್ಲಿ ಪ್ರೆಂಟಿಸನ ಜೊತೆ ಇಬ್ಬರು ಬಂದೂಕಿನವರಿದ್ದರು. ಕುದುರೆಗಳನ್ನು ದೂರದ ಬೇಲಿಗೆ ಕಟ್ಟಿದ್ದರು. ಆ ನಾಡಿನ ಕುದುರೆಗೆ ನಮ್ಮ ವಾಸನೆ ಆಗದು. ಪ್ರೆಂಟಿಸನಿಗೂ ಆಗದು. ಮೂಗಿಗೆ ಕರವಸ್ತ್ರ ಹಿಡಿದು ದೂರದಿಂದಲೇ ಸಾಲನ್ನು ನೋಡಿದ. ಒಬ್ಬ ಮುದುಕ ಐವತ್ತು ಒಂಟೆಗಳನ್ನು ಒಂದೇ ಸಾಲಿನಲ್ಲಿ ಪೇಟೆ ನಡುವೆ ಎಳೆದೊಯ್ಯುವುದನ್ನು ಅವನು ವರ್ಷಗಟ್ಟಲೆ ಕಂಡಿದ್ದ. ಅಷ್ಟು ಒಂಟೆಗಳನ್ನು ಹಿಡಿಯುವ ದಾರ ಗಟ್ಟಿಯೇ ಇರಬೇಕೆಂದು ನಂಬಿದ್ದ. ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

"ಮುಂದಿನಿಂದ ಸುರು ಮಾಡ್ರಿ ಸಾಹೇಬ" ಎಂದ ದಾವಲಸಾಬ. "ಹಿಂದಿನಿಂದ ಹೊಡದ್ರ ಮುಂದಿನವು ಹೊರಳಿ ನೋಡ್ತಾವ."

ಮುಂದೆ ಪೈಲ್ವಾನ ಇತ್ತು. ಅದರ ಹಿಂದೆ ನಾನು.

ಸದ್ದಾಯಿತು. ಪೈಲ್ವಾನ ಮುಂಗಾಲು ಮಡಚಿ ಪಕ್ಕಕ್ಕೆ ಉರುಳಿತು. ಅದು ಬಿದ್ದ ಭಾರಕ್ಕೆ ನನ್ನ ಮೂಗು ಜಗ್ಗಿ ದಾರ ಪಟ್ ಎಂದು ಹರಿಯಿತು.

ನಾನು ನಿಂತೇ ಇದ್ದೆ.

ನನಗೆ ಮೂಡಣಕ್ಕೆ ಮರಳಿನ ದಿಣ್ಣೆ ಕಾಣುತ್ತಿತ್ತು. ಕಾಲಲ್ಲಿ ಬಲವಿತ್ತು. ಮೂಗಿನಿಂದ ಗೇಣುದ್ದ ದಾರ ಸುಮ್ಮನೆ ಜೋತಾಡುತ್ತಿತ್ತು. ಆದರೂ ನಿಂತಿದ್ದೆ, ಯಾರಾದರೂ ಬಂದು ಗಂಟು ಹಾಕಲಿ ಎಂದು. ನನ್ನ ಹಿಂದೆ ಹದಿನೇಳು ಒಂಟೆಗಳೂ ನಿಂತಿದ್ದವು.

"ಆ ದಾರ ಹರಿದಿದೆ, ಕಟ್ಟು ಅದನ್ನು" ಎಂದು ಪ್ರೆಂಟಿಸ್ ಕೂಗಿದ.

ದಾವಲಸಾಬ ನನ್ನ ಬಳಿ ಬಂದು ಹರಿದ ತುದಿಯನ್ನು ಕೈಗೆ ತೆಗೆದುಕೊಂಡ. ಅವನ ಮುಖ ನೋಡಿದೆ. ತಾನೇ ಕಲಿಸಿದ ಪಾಠ ಇಷ್ಟು ಚೆನ್ನಾಗಿ ನಮ್ಮ ತಲೆಗೆ ಹತ್ತಿದೆಯಲ್ಲ ಎಂಬ ಭಯ ಅಲ್ಲಿತ್ತು. ಪ್ರೆಂಟಿಸ್ ಎರಡನೆಯ ಗುಂಡು ತುಂಬುತ್ತಿದ್ದ.

ಆಗ ದಿಣ್ಣೆಯ ಆಚೆಯಿಂದ ಡಬ್ಬಿಯ ಸದ್ದು ಬಂತು. ಢಣ್, ಢಣ್, ಢಣ್. ನೂರಾ ಬಡಿಯುತ್ತಿದ್ದಳು.

ದಾವಲಸಾಬ ಬೆರಳು ಸಡಿಲಿಸಿದ. "ಹೋಗು ದರ್ಯಾ" ಎಂದ, ಮೆಲ್ಲಗೆ.

ಇದನ್ನು ಧೈರ್ಯ ಎಂದು ಬರೆದುಕೊಳ್ಳಬೇಡಿ. ಬಾಯಾರಿಕೆ. ಐದು ದಿನದ ಬಾಯಾರಿಕೆ. ಸ್ವಾತಂತ್ರ್ಯ ಎಂಬುದು ನನಗೆ ಯಾರೂ ಕಲಿಸದ ಪದ, ನೀರು ಎಂಬುದು ಹುಟ್ಟಿದಂದಿನಿಂದ ಗೊತ್ತಿದ್ದ ಪದ. ನಾನು ಓಡಿದೆ. ನನ್ನ ಹಿಂದೆ ದಾರಗಳು ಪಟ್ ಪಟ್ ಎಂದು ಹರಿಯುತ್ತ ಹೋದವು. ಬಂದೂಕಿನವರು ಹೊಡೆದರು, ನಮ್ಮಲ್ಲಿ ಇಬ್ಬರು ಬಿದ್ದರು. ಬೇಲಿಯ ಕುದುರೆಗಳು ನಮ್ಮ ಹಿಂಡು ಬರುವುದನ್ನು ಕಂಡು ಲಗಾಮು ಕಿತ್ತುಕೊಂಡು ಊರ ಕಡೆ ಹಾರಿದವು. ಹದಿನಾರು ಒಂಟೆ ದಿಣ್ಣೆ ದಾಟಿದೆವು.

ಅಲ್ಲಿ ತೊಟ್ಟಿ ತುಂಬ ನೀರಿತ್ತು. ನಾವು ಕುಡಿಯುತ್ತಿದ್ದಂತೆ ನೂರಾ ಒಬ್ಬೊಬ್ಬರ ಮೂಗಿಗೆ ಕೈಹಾಕಿ ಬೆಣೆ ಎಳೆದಳು. ನೋವಾಯಿತು, ಉಗುಳಿದೆ. ಅವಳು ಮುಖ ಒರೆಸಿಕೊಂಡು, "ಉಗುಳು, ನಾಳಿಂದ ಯಾರ ಮ್ಯಾಲ ಉಗುಳತಿ?" ಎಂದಳು. ಹದಿನಾರು ಬೆಣೆಗಳನ್ನು ಸೆರಗಿನಂತೆ ಹೊದ್ದಿದ್ದ ಚೀಲದ ತುಂಡಿನಲ್ಲಿ ಕಟ್ಟಿಕೊಂಡಳು.

"ಮೂಡಣಕ್ಕ ಹೋಗ್ರಿ. ಮೂರು ದಿಣ್ಣಿ ದಾಟಿದ ಮ್ಯಾಲ ಕುದರಿ ಬರೂದಿಲ್ಲ. ಹತ್ತು ದಿಣ್ಣಿ ದಾಟಿದ ಮ್ಯಾಲ ಅವರ ಕಾಯದೇನೂ ಬರೂದಿಲ್ಲ."

ನಾವು ಹೋದೆವು. ಮೊದಲ ದಿನ ಒಂದೇ ಸಾಲಿನಲ್ಲಿ ಹೋದೆವು, ದಾರವಿಲ್ಲದೆಯೂ. ಸಾಲು ಚದುರಲು ವಾರ ಹಿಡಿಯಿತು.

ಎರಡು ವರ್ಷ ಕಳೆದು ಒಂದು ಮಳೆ ಬಿದ್ದಾಗ ನೂರಾ ತನ್ನ ಅಕ್ಕತಂಗಿಯರ ಜೊತೆ ದಿಣ್ಣೆಗಳ ನಡುವಿನ ನೀರಿನ ಹೊಂಡಕ್ಕೆ ಬಂದಳು. ನನ್ನನ್ನು ಗುರುತು ಹಿಡಿದು ಹತ್ತಿರ ಕೂತು ಮಾತಾಡಿದಳು, ಗಂಡನ ಮಾತಿನಲ್ಲಿ. ಆವತ್ತು ಪ್ರೆಂಟಿಸ್ ಕೇಳಿದನಂತೆ, "ದಾರದಲ್ಲಿ ಕಟ್ಟಿದ್ದೀಯಲ್ಲೋ, ಹರಿಯುವುದಿಲ್ಲವೇ?"

"ಇಷ್ಟು ವರ್ಷ ಇದ ದಾರ, ಸಾಹೇಬ. ಒಂದೂ ಓಡಿರಲಿಲ್ಲ."

"ಯಾಕೆ ಓಡಿರಲಿಲ್ಲ?"

"ಓಡಬಹುದು ಅಂತ ಅವಕ್ಕ ಗೊತ್ತಿರಲಿಲ್ಲ. ನೀವ ಗುಂಡು ಹೊಡದು ತಿಳಿಸಿದ್ರಿ."

ಅದಕ್ಕೆ ಮೂರು ತಿಂಗಳು ಜೈಲಾಯಿತಂತೆ. ಹಿಂದಿರುಗಿದ ಮೇಲೆ ಗುಲ್ಜಾನ್ ಬಾಬಾ ಮಸೀದಿಯಲ್ಲಿ ಎಲ್ಲರೆದುರು ಎದ್ದು ನಿಂತು ಅವನಿಗೆ ತನ್ನ ಪಕ್ಕದ ಜಾಗ ಕೊಟ್ಟನಂತೆ. ಮರುವರ್ಷದ ಚಳಿಗಾಲದಲ್ಲಿ ದಾವಲಸಾಬ ತೀರಿಕೊಂಡನಂತೆ.

"ಸಾಯೂ ಮುಂದ ನಿಮ್ಮ ಹೆಸರೇನೂ ಹೇಳಲಿಲ್ಲ" ಎಂದಳು ನೂರಾ. "ತನ್ನ ಊರಿನ ಹೆಸರೂ ಹೇಳಲಿಲ್ಲ. ಚಾ ಕೇಳಿದ. ಸಕ್ಕರಿ ಕಡಿಮಿ ಆತಂತ ಬಯ್ದ. ಆಮ್ಯಾಲ ಹೋದ." ನಾನು ಅವಳ ಹೆಗಲಿಗೆ ಗಲ್ಲ ಊರಿದೆ. ತಳ್ಳಲಿಲ್ಲ.

ಈಗ ನನಗೆ ನಲವತ್ತು ದಾಟಿದೆ. ಮೊಣಕಾಲು ಬಗ್ಗಿದರೆ ಏಳುವುದು ಕಷ್ಟ. ದಿಣ್ಣೆಗಳಿಗೆ ಪಡುವಣದಲ್ಲಿ ಒಂದು ಸರೋವರವಿದೆ. ನಕಾಶೆಯಲ್ಲಿ ನೀಲಿ, ನೆಲದಲ್ಲಿ ಬಿಳಿ, ಬರೀ ಉಪ್ಪು. ಖಂಡದಲ್ಲೆಲ್ಲ ಅತಿ ತಗ್ಗಿನ ಜಾಗ, ಸಮುದ್ರಕ್ಕಿಂತಲೂ ಕೆಳಗೆ. ಈ ವರ್ಷ ಅದು ತುಂಬಿತು. ಇಲ್ಲಿ ಮಳೆಯಾಗಲಿಲ್ಲ. ಆರುನೂರು ಮೈಲಿ ಆಚೆ ಉತ್ತರದಲ್ಲಿ ಆದ ಮಳೆ ಒಣಹೊಳೆಗಳನ್ನು ಹಿಡಿದು ತಿಂಗಳುಗಟ್ಟಲೆ ತೆವಳಿ ಬಂತು. ಎಲ್ಲಿದ್ದವೋ ಬಿಳಿ ಹಕ್ಕಿಗಳು, ಸಾವಿರಾರು ಬಂದು ಕೂತವು. ನಾನು ಹಿಂಡು ಕರೆದುಕೊಂಡು ಇಳಿದು ಬಂದೆ. ಹಿಂಡಿನಲ್ಲಿ ಈಗ ಅರುವತ್ತಕ್ಕೂ ಹೆಚ್ಚು ತಲೆಗಳಿವೆ. ಅರ್ಧ ನನ್ನ ಬಸಿರಿನವು, ಉಳಿದವು ಜೊತೆಯವರವು. ನಮ್ಮ ಕೊರಳಲ್ಲಿ ಬಿಲ್ಲೆಯಿಲ್ಲ. ಅವುಗಳ ಮೂಗಿನಲ್ಲಿ ತೂತೂ ಇಲ್ಲ.

ಮೊನ್ನೆ ಸರೋವರ ನೋಡಲು ಪಟ್ಟಣದ ಮೂವರು ಲಾರಿಯಲ್ಲಿ ದೋಣಿ ಹೇರಿಕೊಂಡು ಬಂದರು. ದಂಡೆಯ ಉಪ್ಪು ಮೇಲೆ ಗಟ್ಟಿ, ಒಳಗೆ ಕೆಸರು. ಲಾರಿ ಅಚ್ಚಿನ ತನಕ ಹೂತುಹೋಯಿತು. ಅವರ ಹತ್ತಿರ ನೀರಿತ್ತು, ಊಟವಿತ್ತು, ಹಿಂದೆ ಇನ್ನೊಂದು ಲಾರಿ ಬರುವುದಿತ್ತು, ಸಾಯುವವರೇನಲ್ಲ. ಆದರೆ ಒಬ್ಬನಿಗೆ ನಾವು ಕಂಡೆವು.

"ಇವುಗಳ ಅಜ್ಜ ಅಜ್ಜಿ ಎಲ್ಲ ಗಾಡಿ ಎಳೆದವೇ. ಒಂದನ್ನು ಹಿಡಿದು ಲಾರಿಗೆ ಕಟ್ಟಿದರೆ ಆಯಿತು."

ಅವನು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದ. "ಬಾ, ಬಾ, ಒಳ್ಳೆಯವಳು ನೀನು" ಎಂದ. ಅಂಥ ದನಿ ನನಗೆ ಗೊತ್ತು. ನಾನು ಹಲ್ಲು ಕಿರಿದು ಹಿಂಡಿನ ಮುಂದೆ ಅಡ್ಡ ನಿಂತೆ. ಆದರೆ ನನ್ನ ಕೊನೆಯ ಮಗಳು, ಮೂರು ವರ್ಷದವಳು, ನನ್ನ ಕತ್ತಿನ ಕೆಳಗಿನಿಂದ ನುಸುಳಿ ನೆಟ್ಟಗೆ ಅವನ ಬಳಿ ಹೋದಳು. ಓಡಿ ತಡೆಯುವ ಕಾಲು ನನಗಿಲ್ಲ. ಮೂಗು ಚುಚ್ಚುವ ವಯಸ್ಸು ಅವಳಿಗೆ ಹತ್ತಿರ ಬಂದಿತ್ತು.

ಅವಳು ರೊಟ್ಟಿಯನ್ನು ಮೂಸಿದಳು, ತಿಂದಳು. ಅವನು ಮೆಲ್ಲಗೆ ಅವಳ ಕುತ್ತಿಗೆಗೆ ಹಗ್ಗ ಹಾಕಿ ಗಂಟು ಬಿಗಿಯತೊಡಗಿದ. ನಾನಾಗಿದ್ದರೆ ಅಲ್ಲಿಯೇ ನಿಂತಿರುತ್ತಿದ್ದೆ, ಗಂಟು ಮುಗಿಯುವವರೆಗೆ. ಅವಳು ತಲೆಯೊಮ್ಮೆ ಕೊಡವಿ, ಅರ್ಧ ಗಂಟಿನ ಹಗ್ಗದೊಂದಿಗೆ ಅವನನ್ನೂ ಕೆಸರಿಗೆ ಮಕಾಡೆ ಕೆಡವಿ, ಬಾಯಿ ಒರೆಸಿಕೊಂಡವಳಂತೆ ತುಟಿ ಆಡಿಸುತ್ತ ಹಿಂದಕ್ಕೆ ನಡೆದು ಬಂದಳು. ಓಡಿಬರಲಿಲ್ಲ. ಓಡಬೇಕಾದದ್ದೇನೂ ಅಲ್ಲಿ ಅವಳಿಗೆ ಕಾಣಲಿಲ್ಲ.

ಲಾರಿಯ ಹತ್ತಿರ ಇದ್ದ ಇಬ್ಬರು ನಕ್ಕರು. ಬಿದ್ದವನು ಎದ್ದು ಉಪ್ಪು ಉಗುಳಿದ. ಅವನ ಕೈಯಲ್ಲಿ ಹಗ್ಗ ಹಾಗೇ ಇತ್ತು, ರೊಟ್ಟಿ ಮಾತ್ರ ಇರಲಿಲ್ಲ.